ಹಲ್ಲು ಹುಟ್ಟಿದ ಗರಗಸ

ಹಿಂದೂಪುರದ ಓಬಳೇಶಪ್ಪನ ಮನೆಗೆ ಆ ನವಿಲು ಬಂದದ್ದು ಸೋಮವಾರ. ಮಂಗಳವಾರ ಬೆಳಗಾಗುವಷ್ಟರಲ್ಲಿ ಅವನಿಗೆ ಊಟ ಸೇರದಾಗಿತ್ತು.

ಅಂಗೈಯಗಲದ ಮರದ ನವಿಲು ಅದು. ತಂಬೂರಿಯ ತಲೆಗೆ ಕೂರಿಸುವಂಥದ್ದು. ಕಲ್ಯಾಣದುರ್ಗದಲ್ಲಿ ತಂಬೂರಿ ಮಾಡುವ ಆನಂದಕುಮಾರ್ ತನ್ನ ಅಕ್ಕನಿಗೆಂದು ಕಳಿಸಿದ್ದ. ಅಕ್ಕ ಅಂದರೆ ಓಬಳೇಶಪ್ಪನ ಹೆಂಡತಿ ಪ್ರಮೀಳಾ. ಅವಳು ಅದನ್ನು ಟೀವಿಯ ಪಕ್ಕ ನಿಲ್ಲಿಸಿ, ಬಂದವರಿಗೆಲ್ಲ ಕಾಫಿಗಿಂತ ಮೊದಲು ಅದನ್ನೇ ತೋರಿಸುತ್ತಿದ್ದಳು.

"ನೋಡ್ರಿ, ಒಂದೊಂದು ಗರೀನೂ ಹೆಂಗೆ ಬಿಡಿಸವ್ನೆ! ಮಧ್ಯದಾಗೆ ಒಂದು ಕೂದ್ಲು ತೂರ್ಸ್‌ಬೋದು, ಅಷ್ಟೇ ಜಾಗ. ನಮ್ಮ ಆನಂದನ ಕೈ ಅಂದ್ರೆ ಕೈ."

ಆ ಕೈಗೆ ಗರಗಸ ಹಿಡಿಯುವುದನ್ನು ಕಲಿಸಿದವನು ತಾನು ಎಂದು ಓಬಳೇಶಪ್ಪ ತನಗೆ ತಾನೇ ಹೇಳಿಕೊಂಡ. ನಾಲ್ಕು ವರ್ಷ ತನ್ನ ತಂಬೂರಿ ಅಂಗಡಿಯಲ್ಲಿ ಮರದ ಹೊಟ್ಟು ಗುಡಿಸಿದವನು! ಬಾಯಿಬಿಟ್ಟು ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೊಟ್ಟೆಕಿಚ್ಚೇ ಆಗಿತ್ತು, ಅದು ಬೇರೆ ಮಾತು.

ಬರೀ ಹೊಟ್ಟೆಕಿಚ್ಚಾಗಿದ್ದರೆ ಒಂದು ಚೊಂಬು ಮಜ್ಜಿಗೆ ಕುಡಿದು ಸುಮ್ಮನಿರಬಹುದಿತ್ತು. ಆದರೆ ಸೆಟ್ಟೂರಿನ ಭಜನೆ ಮಂಡಳಿಯ ಯಜಮಾನ ಈರಲಿಂಗಪ್ಪ ಹನ್ನೊಂದು ತಂಬೂರಿ ಮಾಡಿಸುವವನಿದ್ದ. "ಬಾವ ಬಾಮೈದ ಇಬ್ರೂ ಒಂದೊಂದು ನವಿಲು ಕುಯ್ದು ತೋರ್ಸ್ರಪ್ಪ. ಯಾರ್ದು ಚೆಂದವೋ ಹನ್ನೊಂದೂ ಅವ್ರಿಗೆ" ಎಂದು ಹೇಳಿದ್ದ. ಬುಧವಾರ ನೋಡಲು ಬರುವವನಿದ್ದ. ಓಬಳೇಶಪ್ಪನ ನವಿಲು ಮಂಗಳವಾರ ಬೆಳಿಗ್ಗೆಯೂ ಕೋಳಿಯಾಗಿಯೇ ಇತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಓಬಳೇಶಪ್ಪನೂ ತಪ್ಪು ಗರಗಸದ್ದು ಎಂದು ತೀರ್ಮಾನಿಸಿದ. ಅವನಲ್ಲಿದ್ದದ್ದು ಅಪ್ಪ ಬಿಟ್ಟುಹೋದ, ಹಿಡಿಗೆ ಹಿತ್ತಾಳೆ ಪಟ್ಟಿ ಹೊಡೆದ ಒಂದು ಗೇಣಿನ ಗರಗಸ. ಎಂಥ ಹಲಸಿನ ಮರಕ್ಕೂ ಮಣಿಯದ ಸಾಧನ, ಆದರೆ ಅದರ ಸೀಳು ಕೂದಲೆಳೆಯಷ್ಟು ಸಣ್ಣಗೆ ಬರುತ್ತಿರಲಿಲ್ಲ. ಆನಂದನ ನವಿಲನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಸೀಳಿನ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆಯೂ ಇತ್ತು. ಹಲ್ಲು ಅಷ್ಟು ಸಣ್ಣ, ಕೈ ಅಷ್ಟು ಚುರುಕು, ಅದಕ್ಕೇ ಮರ ಕಾದಿದೆ ಎಂದುಕೊಂಡ. ಸುಟ್ಟ ವಾಸನೆ ಆ ಬೀದಿಗೆ ಹೊಸದೂ ಅಲ್ಲ. ಎದುರಿಗೆ ಜಯಚಂದ್ರನ ಅಂಗಡಿ. ಮನೆಗೆ ನೇಮ್ ಬೋರ್ಡು, ಶಾಲೆಗೆ ಶೀಲ್ಡು, ಮದುವೆ ಮಂಟಪಕ್ಕೆ ಗಂಡು ಹೆಣ್ಣಿನ ಹೆಸರು ಮಾಡಿಕೊಡುವವನು. ಪರದೆಯ ಹಿಂದೆ ಏನು ಸುಡುತ್ತಾನೋ, ಇಡೀ ದಿನ ಹೊಗೆ.

ಗರಗಸದ ಚಿಂತೆ ಬೀದಿಗೆ ಗೊತ್ತಾಗಲು ಅರ್ಧ ಗಂಟೆ ಸಾಕಾಯಿತು. ಮೊದಲು ಬಂದವನು ಅಕ್ಕಸಾಲಿ ಚೆನ್ನಕೇಶವ. ಬಂಗಾರ ಕೊಯ್ಯುವ ಪುಟ್ಟ ಗರಗಸ ತಂದಿದ್ದ. ಅದರ ಬ್ಲೇಡು ದಾರದಷ್ಟು ಸಣ್ಣ.

"ಓಲೆ ಜುಮ್ಕಿ ಎಲ್ಲಾ ಇದ್ರಾಗೇ ಕುಯ್ಯೋದು ಕಣಪ್ಪ. ನಿನ್ನ ನವಿಲು ಯಾವ ಲೆಕ್ಕ?"

ಹಲಸಿನ ತುಂಡಿನ ಮೇಲೆ ಎರಡು ಸಲ ಎಳೆಯುವಷ್ಟರಲ್ಲಿ ಬ್ಲೇಡು ಟಣ್ಣೆಂದು ಮುರಿಯಿತು. ಇನ್ನೊಂದು ಹಾಕಿದ, ಅದೂ ಮುರಿಯಿತು. ಮೂರನೆಯದು ಮುರಿದು ಹಾರಿ ಚೆನ್ನಕೇಶವನ ಮೀಸೆಯಲ್ಲೇ ಸಿಕ್ಕಿಕೊಂಡಿತು. ಅವನು ಮೀಸೆ ಹಿಡಿದುಕೊಂಡು ಹೊರಟುಹೋದ.

ಆಮೇಲೆ ರಿಟೈರ್ಡ್ ಮೇಷ್ಟ್ರು ತಿಪ್ಪೇರುದ್ರಪ್ಪ, ಹಿಡಿಗೆ ಬಟ್ಟೆ ಸುತ್ತಿದ ಅರ್ಧ ಹ್ಯಾಕ್ಸಾ ಬ್ಲೇಡು ಹಿಡಿದು ಬಂದರು. "ನಲವತ್ತು ವರ್ಷದಿಂದ ಇದೇ ಕಣಯ್ಯ. ಕಿಟಕಿ ಸರಳೂ ಕುಯ್ದಿದ್ದೀನಿ." ಮೇಷ್ಟ್ರು ಯಾರ ಮನೆಯ ಕಿಟಕಿ ಸರಳು ಕುಯ್ದರೋ ಕೇಳಲು ಓಬಳೇಶಪ್ಪನಿಗೆ ಧೈರ್ಯವಾಗಲಿಲ್ಲ. ಆ ಬ್ಲೇಡು ಕೋಳಿಯ ಒಂದು ಕಾಲನ್ನು ತೆಗೆದುಕೊಂಡು ಹೋಯಿತು.

ಎದುರಿನಿಂದ ಎಲ್ಲವನ್ನೂ ನೋಡುತ್ತಿದ್ದ ಜಯಚಂದ್ರ ಕೈ ಒರೆಸಿಕೊಂಡು ಬಂದ.

"ಅಣ್ಣ, ಇವೆಲ್ಲಾ ವೇಸ್ಟು. ಆ ಗರಗ್ಸ ಇರೋದು ಕಲ್ಯಾಣದುರ್ಗದಾಗೆ. ಹೋಗಿ ಕಣ್ಣಾರೆ ನೋಡ್ಕೊಂಡು ಬಂದ್ಬುಡು. ಇವತ್ತೇ ಹೋಗು. ಒಂಬತ್ತೂವರೆಗೆ ಬಸ್ಸೈತೆ, ಗಾಡೀಲಿ ನಾನೇ ಬಿಟ್ಟು ಬತ್ತೀನಿ."

ಬೀದಿಯ ಕೊನೆಯವರೆಗೂ ಯಾರನ್ನೂ ಗಾಡಿ ಹತ್ತಿಸದ ಜಯಚಂದ್ರ ಬಸ್‌ಸ್ಟ್ಯಾಂಡಿನವರೆಗೆ ಬಂದ. ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ. ಬಸ್ಸು ಹೊರಡುವ ತನಕ ನಿಂತಿದ್ದು ಕೈ ಬೀಸಿದ. ಇಂಥ ನೆರೆಯವನು ಯಾರಿಗುಂಟು ಎಂದು ಓಬಳೇಶಪ್ಪನ ಕಣ್ಣು ಒದ್ದೆಯಾಯಿತು. ಹೆಂಡತಿಗೆ ಮಾತ್ರ "ಮರ ನೋಡಕ್ಕೆ ಹೋಯ್ತೀನಿ" ಎಂದು ಹೇಳಿ ಬಂದಿದ್ದ. ಹಲ್ಲಿಗೆ ಹಲ್ಲು ಹೋಲಿಸಿ ನೋಡಬೇಕೆಂದು ಅಪ್ಪನ ಗರಗಸವನ್ನು ಚೀಲದಲ್ಲಿ ಇಟ್ಟುಕೊಂಡಿದ್ದ.

ಆ ಚೀಲ ಪಕ್ಕದಲ್ಲಿ ಕೂತ ರೊದ್ದಂನ ಕರಿಬಸಮ್ಮನ ಸೊಂಟಕ್ಕೆ ಚುಚ್ಚಿತು. ಆಕೆ ಪ್ರಮೀಳಾಳ ತವರಿನ ಕಡೆಯವಳು.

"ಅದೇನಪ್ಪ ಓಬಳೇಶ, ಚೀಲದಾಗೆ ಚುಚ್ತೈತೆ?"

"ಗರಗ್ಸ ಕಣಮ್ಮ."

"ಎಲ್ಲಿಗೆ ಹೋಯ್ತಾ ಇದ್ದೀಯ?"

"ಬಾಮೈದನ ಮನೆಗೆ."

"ಅಯ್ಯೋ ದ್ಯಾವ್ರೇ! ಬಾಮೈದನ ಮನೆಗೆ ಹೂವು ಹಣ್ಣು ತಗೊಂಡೋಗೋದು ಬಿಟ್ಟು ಗರಗ್ಸ ತಗೊಂಡೋಯ್ತೀಯಲ್ಲೋ!"

ಇಡೀ ಬಸ್ಸು ತಿರುಗಿ ನೋಡಿತು. "ಗೊಡವಲೊದ್ದು ಸ್ವಾಮೀ, ಕೂರ್ಚೋನಿ ಮಾಟ್ಲಾಡುಕೋಂಡಿ" ಎಂದು ಕಂಡಕ್ಟರು ತೆಲುಗಿನಲ್ಲಿ ಸಮಾಧಾನ ಹೇಳಿದ. ಜಗಳ ಬೇಡ, ಕೂತು ಮಾತಾಡಿಕೊಳ್ಳಿ ಎಂಬ ಆ ಮಾತನ್ನೇ ಮುಂದಿನ ಸೀಟಿನವರು ಕನ್ನಡದಲ್ಲಿ, ಹಿಂದಿನ ಸೀಟಿನವರು ಎರಡೂ ಭಾಷೆಯಲ್ಲಿ ಹೇಳಿದರು. ರೊದ್ದಂನಲ್ಲಿ ಇಳಿಯುವಾಗ ಕರಿಬಸಮ್ಮ ಎರಡು ಮೂಸಂಬಿ ಅವನ ಕೈಗಿಟ್ಟು, "ಇದನ್ನ ಕೊಟ್ಟು ರಾಜಿಯಾಗ್ಬುಡು" ಎಂದಳು.

ಕಲ್ಯಾಣದುರ್ಗದಲ್ಲಿ ಆನಂದಕುಮಾರ್ ಮನೆಯಲ್ಲಿರಲಿಲ್ಲ.

"ರಾ ಅಣ್ಣ, ಒಳಗೆ ಬಾ" ಎಂದು ಅವನ ಹೆಂಡತಿ ಶೋಭಾರಾಣಿ ಬಾಗಿಲಿಗೇ ಬಂದಳು. "ಅವ್ರು ಕೆಲ್ಸದ ಮ್ಯಾಲೆ ಬೆಳಿಗ್ಗೇನೇ ಹೋದ್ರು. ಕುಂತ್ಕೋ, ಮುದ್ದೆಗೆ ಇಟ್ಟಿದ್ದೀನಿ, ಉಂಡ್ಕೊಂಡು ಹೋಗುವಂತೆ."

ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಎಂದು ಓಬಳೇಶಪ್ಪ ಪಕ್ಕದ ಕೆಲಸದ ಕೋಣೆಗೆ ನುಗ್ಗಿದ. ಗೋಡೆಯಲ್ಲಿ ಆರು ಗರಗಸ ತೂಗುತ್ತಿದ್ದವು. ಒಂದೊಂದನ್ನೂ ಇಳಿಸಿ ಉಗುರಿನ ಮೇಲೆ ಎಳೆದು ನೋಡಿದ. ಎಲ್ಲವೂ ಹಿಂದೂಪುರದಲ್ಲೂ ಸಿಗುವಂಥವೇ. ಯಾವುದರ ಹಲ್ಲಿನಲ್ಲೂ ಆ ಸೀಳು ಬರುವಂತಿರಲಿಲ್ಲ. ಆಗ ದೇವರ ಪಟದ ಕೆಳಗೆ ಕೆಂಪು ಬಟ್ಟೆಯ ಒಂದು ಗಂಟು ಕಂಡಿತು. ಬಿಚ್ಚಿದರೆ ಪುಟ್ಟ ಗರಗಸ! ಅರಿಸಿನ ಕುಂಕುಮ ಮೆತ್ತಿ ಹಲ್ಲೇ ಕಾಣುತ್ತಿರಲಿಲ್ಲ. ಇದೇ ಇರಬೇಕು, ಬಚ್ಚಿಟ್ಟಿದ್ದಾನೆ ಕಳ್ಳ!

"ಅಣ್ಣ, ಕೈ ತೊಳ್ಕೋ ಬಾ" ಎನ್ನುತ್ತಾ ಶೋಭಾರಾಣಿ ಬರುವ ಸದ್ದಾಯಿತು. ಯೋಚಿಸಲು ಹೊತ್ತಿರಲಿಲ್ಲ. ಪುಟ್ಟ ಗರಗಸ ಚೀಲಕ್ಕೆ ಹೋಯಿತು. ಗಂಟು ಖಾಲಿ ಕಾಣಬಾರದೆಂದು ಅಪ್ಪನ ಗರಗಸ ಕೆಂಪು ಬಟ್ಟೆಯೊಳಗೆ ಹೋಯಿತು. ಇದು ಕಳವಲ್ಲ, ಒಂದು ದಿನದ ಬದಲಾವಣೆ, ನಾಳೆ ಈರಲಿಂಗಪ್ಪ ಬಂದು ಹೋದ ಮೇಲೆ ವಾಪಸು ಇಟ್ಟರಾಯಿತು ಎಂದು ಮನಸ್ಸಿಗೆ ಹೇಳಿಕೊಂಡ. ಮನಸ್ಸು ಒಪ್ಪಿತೋ ಇಲ್ಲವೋ, ಹೊಟ್ಟೆ ಒಪ್ಪಿ ಕಳ್ಳೆಕಾಯಿ ಚಟ್ನಿಯ ಜೊತೆ ಎರಡು ಮುದ್ದೆ ನುಂಗಿತು.

ವಾಪಸು ಬಸ್ಸಿನಲ್ಲಿ ಕೂತು ಉಗುರಿನಿಂದ ಅರಿಸಿನ ಕೆರೆದ. ಹಲ್ಲು ಕಾಣಲಿಲ್ಲ. ಇನ್ನಷ್ಟು ಕೆರೆದ. ಹಲ್ಲು ಇದ್ದರಲ್ಲವೇ ಕಾಣಲು? ಅಲ್ಲೊಂದು ಇಲ್ಲೊಂದು ಉಳಿದಿತ್ತು, ತೊಂಬತ್ತರ ಮುದುಕನ ಬಾಯಿಯಂತೆ. ಹಿಡಿ ತಿರುಗಿಸಿದರೆ ಕಾದ ಮೊಳೆಯಿಂದ ಬರೆದ 'ಓ' ಅಕ್ಷರ. ಬರೆದವನು ತಾನೇ!

ಹನ್ನೊಂದು ವರ್ಷದ ಹಿಂದೆ ಆನಂದ ಸ್ವಂತ ಅಂಗಡಿ ಇಡುತ್ತೇನೆಂದು ಹೊರಟಾಗ ಸಿಟ್ಟಿನಲ್ಲಿ ಅವನತ್ತ ಎಸೆದ ಗರಗಸ ಅದು. "ತಗೊಂಡೋಗ್ಲಾ, ಇದಕ್ಕೆ ಹಲ್ಲಿಲ್ಲ, ನಿಂಗೆ ಬುದ್ಧಿಯಿಲ್ಲ" ಎಂದಿದ್ದ. ಅದನ್ನೇ ಅವನು ದೇವರ ಹತ್ತಿರ ಇಟ್ಟು ಪೂಜಿಸುತ್ತಿದ್ದ. ಓಬಳೇಶಪ್ಪನಿಗೆ ನಾಚಿಕೆಯಾಯಿತು. ಆ ನಾಚಿಕೆ ಬಸ್ಸು ಪೆನುಕೊಂಡ ಮುಟ್ಟುವವರೆಗೂ ಉಳಿಯಲಿಲ್ಲ. ಹಾಗಾದರೆ ಆ ನವಿಲನ್ನು ಯಾವುದರಲ್ಲಿ ಕುಯ್ದ ಎಂಬ ಉರಿ ಮತ್ತೆ ಹತ್ತಿತು.

ದೀಪ ಹಚ್ಚುವ ಹೊತ್ತಿಗೆ ಬೀದಿಗೆ ಕಾಲಿಟ್ಟರೆ ಜಯಚಂದ್ರನ ಅಂಗಡಿಯ ಮುಂದೆ ಜನ. ಯಾರೋ ಪರದೆ ಸರಿಸಿದ್ದರು. ಒಳಗೆ ಒಂದು ಮೆಷಿನ್ನಿನ ಸೂಜಿಮೊನೆಯಂಥ ಬೆಳಕು ಹಲಗೆಯ ಮೇಲೆ ಓಡಾಡುತ್ತಿತ್ತು. ಅದು ಓಡಿದ ದಾರಿಯಲ್ಲಿ ಹೊಗೆಯೆದ್ದು ನವಿಲಿನ ಗರಿಗಳು ಬಿಡಿಸಿಕೊಳ್ಳುತ್ತಿದ್ದವು. ಪಕ್ಕದಲ್ಲಿ ಆನಂದಕುಮಾರ್ ತಲೆ ತಗ್ಗಿಸಿ ನಿಂತಿದ್ದ. ಎದುರಿಗೆ ಸೊಂಟದ ಮೇಲೆ ಕೈಯಿಟ್ಟು, ಒಂದು ದಿನ ಮುಂಚೆಯೇ ಬಂದುಬಿಟ್ಟಿದ್ದ ಸೆಟ್ಟೂರಿನ ಈರಲಿಂಗಪ್ಪ ನಿಂತಿದ್ದ.

"ಲೇಸರ್ ಕಣಣ್ಣ" ಎಂದು ಜಯಚಂದ್ರ ಮೆಷಿನ್ ಆಫ್ ಮಾಡಿ ತಲೆ ಕೆರೆದುಕೊಂಡ. "ಬಾವಂಗೆ ಗೊತ್ತಾಗ್ಬಾರ್ದು ಅಂತ ಆನಂದ ಅಂದಿದ್ದ. ಗಿರಾಕಿ ಗುಟ್ಟು ಬಿಟ್ಕೊಡಕ್ಕಾಯ್ತದಾ? ಅದಕ್ಕೇ ನಿನ್ನ ಬಸ್ಸು ಹತ್ತಿಸ್ದೆ. ಮಧ್ಯಾಹ್ನ ಕರೆಂಟ್ ಹೋಗ್ದೆ ಇದ್ದಿದ್ರೆ ನೀನು ಬರೋದ್ರಾಗೆ ಇವ್ನ ಕಳಿಸ್ಬುಡ್ತಿದ್ದೆ."

ಓಬಳೇಶಪ್ಪನಿಗೆ ಹಾಲು ಕುಡಿದಂತಾಯಿತು. ಹನ್ನೊಂದು ವರ್ಷದಲ್ಲಿ ಅಷ್ಟು ತಂಪು ಅವನು ಕಂಡಿರಲಿಲ್ಲ.

"ನಮ್ಗೆ ಈ ಸುಟ್ಟ ನವಿಲು ಬ್ಯಾಡ" ಎಂದ ಈರಲಿಂಗಪ್ಪ. "ಓಬಳೇಶ, ನಿಂದು ಕೋಳಿ ತರ ಇದ್ರೂ ಚಿಂತಿಲ್ಲ, ಕೈಯಾಗೆ ಕುಯ್ದಿದ್ರೆ ಸಾಕು. ಒಂದ್ಸಲ ಮೋಸ ಹೋಗೀನಿ. ಈಗ ನಿಮ್ಮಪ್ಪನ ಗರಗ್ಸ ತೆಗ್ದು ನನ್ನ ಕಣ್ಮುಂದೆ ಒಂದೇ ಒಂದು ಗರಿ ಕುಯ್ಯಿ. ಹನ್ನೊಂದೂ ನಿಂಗೇ."

ಓಬಳೇಶಪ್ಪ ಸಂತೋಷದಿಂದ ಚೀಲಕ್ಕೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಹಲ್ಲಿಲ್ಲದ ಗರಗಸ; ಅಪ್ಪನದು ಕಲ್ಯಾಣದುರ್ಗದಲ್ಲಿತ್ತು.

ಅಷ್ಟರಲ್ಲಿ ಆನಂದನ ಫೋನು ಕೂಗಿತು. ಶೋಭಾರಾಣಿಯ ಗಂಟಲಿಗೆ ಸ್ಪೀಕರಿನ ಅಗತ್ಯವಿರಲಿಲ್ಲ.

"ರೀ! ದೀಪ ಹಚ್ಚಕ್ಕೆ ಹೋಗಿ ನೋಡ್ತೀನಿ, ದೇವ್ರತ್ರ ಇದ್ದ ಗರಗ್ಸಕ್ಕೆ ಹಲ್ಲು ಹುಟ್ಟವೆ ಕಣ್ರೀ! ಪೂರ್ತಿ ಹಲ್ಲು! ಬೀದಿಯೋರೆಲ್ಲ ಕಾಯಿ ಒಡ್ಸಕ್ಕೆ ಬಂದವ್ರೆ!"

"ಏನೇ ಅದು? ಇವತ್ತು ಯಾರಾದ್ರೂ ಬಂದಿದ್ರಾ?"

"ಅಣ್ಣ ಬಂದಿತ್ತು ಮಧ್ಯಾಹ್ನ, ಉಂಡು ಹೋಯ್ತು. ಹಿಡೀ ಮ್ಯಾಲೆ ಯಾವ್ದೋ ಹಳೇ ಹಿತ್ತಾಳೆ ಪಟ್ಟಿ ಐತೆ ಕಣ್ರೀ."

ಹಿತ್ತಾಳೆ ಪಟ್ಟಿ ಯಾರ ಗರಗಸದ್ದೆಂದು ಆನಂದನಿಗೆ ಗೊತ್ತಿತ್ತು. ಬಾವನ ಚೀಲದಿಂದ ಇಣುಕುತ್ತಿದ್ದ 'ಓ' ಅಕ್ಷರದ ಹಿಡಿಯೂ ಕಂಡಿತು. ಅವನ ಕಣ್ಣು ತುಂಬಿಬಂತು. ಅಷ್ಟು ಜನರ ಮುಂದೆ ಧೊಪ್ಪನೆ ಓಬಳೇಶಪ್ಪನ ಕಾಲಿಗೆ ಬಿದ್ದ.

"ಬಾವ! ನಾನು ಮೆಷಿನ್ ಹಿಂದೆ ಬಿದ್ದಿದ್ದು ಗೊತ್ತಾಗಿ, ಒಂದು ಮಾತೂ ಬೈಯ್ದಂಗೆ ನಿಮ್ಮಪ್ಪನ ಗರಗ್ಸಾನೇ ತಗೊಂಡೋಗಿ ನಂ ದೇವ್ರತ್ರ ಇಟ್ಟು ಬಂದ್ಯಾ? ನಾನು ಪಾಪಿ ಬಾವ. ಇವತ್ತಿಂದ ಕೈಯಾಗೇ ಕುಯ್ತೀನಿ, ನಿನ್ನಾಣೆ."

ಹೌದು ಎಂದರೆ ಗರಗಸ ಹೋಗುತ್ತದೆ, ಇಲ್ಲ ಎಂದರೆ ಮಾನ ಹೋಗುತ್ತದೆ. ಓಬಳೇಶಪ್ಪ ಎರಡೂ ಹೇಳದೆ ಬಾಮೈದನ ತಲೆಯ ಮೇಲೆ ಕೈಯಿಟ್ಟ. ಮರ ನೋಡಲು ಹೋದ ಗಂಡ ಇಂಥ ಕೆಲಸ ಮಾಡಿ ಬಂದನೇ ಎಂದು ಗುಂಪಿನಲ್ಲಿದ್ದ ಪ್ರಮೀಳಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮದುವೆಯಾದಾಗಿನಿಂದ ಮೊದಲ ಸಲ ಅವನನ್ನು ಹೆಮ್ಮೆಯಿಂದ ನೋಡಿದಳು.

ಈರಲಿಂಗಪ್ಪ ಓಬಳೇಶಪ್ಪನಿಗೆ ಕೈ ಮುಗಿದ. "ಗುರುವೇ ಗರಗ್ಸ ಕೊಟ್ಮೇಲೆ ನನ್ದೇನೈತೆ? ಹನ್ನೊಂದೂ ಶಿಷ್ಯನೇ ಮಾಡ್ಲಿ. ನಿನ್ನತ್ರ ಕುಯ್ಯಕ್ಕೆ ಗರಗ್ಸವೂ ಇಲ್ವಲ್ಲ ಓಬಳೇಶ. ಅರವತ್ತು ವರ್ಷದಾಗೆ ಇಷ್ಟು ಹೊಟ್ಟೆಕಿಚ್ಚಿಲ್ಲದ ಮನುಷ್ಯನ್ನ ನಾನು ನೋಡಿಲ್ಲ ಕಣಪ್ಪ."

ಬೀದಿಯವರು ಚಪ್ಪಾಳೆ ತಟ್ಟಿದರು. ಓಬಳೇಶಪ್ಪ ಹಲ್ಲಿಲ್ಲದ ಗರಗಸ ಹಿಡಿದುಕೊಂಡು ಹಲ್ಲು ಕಿರಿಯುತ್ತಾ ನಿಂತ. ಪ್ರಮೀಳಾ ಮೂಗು ಅರಳಿಸಿದಳು.

"ಜಯಚಂದ್ರ, ಇನ್ನೂ ಸುಟ್ಟ ವಾಸ್ನೆ ಬತ್ತಾನೇ ಐತಲ್ಲೋ?"

"ನಂದಲ್ಲ ಅಕ್ಕ" ಎಂದ ಜಯಚಂದ್ರ. "ಮೆಷಿನ್ ಆಫ್ ಮಾಡಿ ಆಗ್ಲೇ ಎಷ್ಟೊತ್ತಾಯ್ತು."