ದೊರೆಸಾನಮ್ಮನ ಪ್ರಾರ್ಥನೆ ತಿದ್ದಿದವರು

ಮಕ್ಕಳಿಗೆ ದೇವರನ್ನು ಕಲಿಸುತ್ತೇನೆಂದು ಹೊರಟವರ ಮಾನ ದಿನಕ್ಕೊಮ್ಮೆಯಾದರೂ ಹೋಗಿಯೇ ಹೋಗುತ್ತದೆ. ನನ್ನದಂತೂ ಮಳವಳ್ಳಿಯಲ್ಲಿ ಎರಡು ವರ್ಷ ತಪ್ಪದೆ ಹೋಯಿತು. ಅದಕ್ಕೆ ಇವತ್ತಿಗೂ ಕೃತಜ್ಞಳಾಗಿದ್ದೇನೆ.

ಸಾವಿರದ ಒಂಬೈನೂರ ಮೂವತ್ತರ ಆಚೀಚಿನ ಮಾತು. ಮಳವಳ್ಳಿಯ ಅಂಚಿಗೆ ಒಂದು ಹೆಂಚಿನ ಮನೆ. ಅದರಲ್ಲಿ ಅಪ್ಪ ಅಮ್ಮ ಇಲ್ಲದ ಹನ್ನೊಂದು ಹೆಣ್ಣುಮಕ್ಕಳು. ಅವರನ್ನು ನೋಡಿಕೊಳ್ಳಲು ಇಂಗ್ಲೆಂಡಿನಿಂದ ಇಪ್ಪತ್ತಾರು ವಯಸ್ಸಿನ ಒಬ್ಬರು, ಸಂಬಳ ಬೇಡವೆಂದು, ಎರಡು ವರ್ಷದ ಮಟ್ಟಿಗೆ ಬಂದರು. ಊರಿನವರ ಬಾಯಲ್ಲಿ ಅವರು ದೊರೆಸಾನಮ್ಮ. ಮೈಸೂರಿನ ಕ್ರೈಸ್ತರ ಮನೆಯಲ್ಲಿ ಹುಟ್ಟಿ, ಪ್ರಾರ್ಥನೆಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದ ನಾನು ಮಕ್ಕಳಿಗೆ ಟೀಚರಮ್ಮ, ಅವರಿಗೆ ದುಭಾಷಿ. ಅಡುಗೆಗೆ ಕಿರುಗಾವಲಿನ ಒಬ್ಬ ಅಜ್ಜಿ ಇದ್ದಳು. ಅಜ್ಜಿ ನಮ್ಮ ಮತದವಳಲ್ಲ. ಸೋಮವಾರ ಒಪ್ಪತ್ತು ಮಾಡುವವಳು.

೧. ಊಟದ ಮುಂಚಿನ ಮಾತು

ದೊರೆಸಾನಮ್ಮ ಹಡಗಿನಲ್ಲೇ ಪುಸ್ತಕ ಹಿಡಿದು ಕನ್ನಡ ಕಲಿತಿದ್ದರು. ಮೊದಲ ದಿನ ಮಧ್ಯಾಹ್ನ ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿತ್ತು. "ಕಣ್ಣುಗಳನ್ನು ಮುಚ್ಚೋಣ" ಎಂದು ಅವರು ಶುರು ಮಾಡಿದರು. ಹಳಗನ್ನಡಕ್ಕೆ ನೆಂಟಸ್ತನವಿದ್ದ ಭಾಷೆ. ಅರಸರು, ನ್ಯಾಯಾಧೀಶರು, ಸಮುದ್ರದ ಮೇಲಿರುವವರು, ಯಾರನ್ನೂ ಬಿಡದೆ ಎಲ್ಲರಿಗಾಗಿಯೂ ಬೇಡಿಕೊಂಡರು. ಕೊನೆಗೆ ಆಮೆನ್ ಎಂದು ಕಣ್ಣು ಬಿಟ್ಟರೆ ತಟ್ಟೆಗಳೆಲ್ಲ ಖಾಲಿ.

"ಎಲ್ಲಿ ಊಟ?" ಎಂದರು.

ಗುತ್ತಲಿನಿಂದ ಬಂದಿದ್ದ ಹುಡುಗಿ ಕೈ ನೆಕ್ಕುತ್ತ, "ನೀವು ಮಾತಾಡ್ತಾನೇ ಇದ್ರಲ್ಲ ಅಮ್ಮ, ಮುದ್ದೆ ಆರೋಯ್ತದೆ ಅಂತ ಉಂಡ್ಬುಟ್ವಿ. ನಿಮ್ದೂ ಆರೋಯ್ತಿತ್ತು. ಅದ್ನೂ ಉಂಡ್ವಿ" ಅಂದಳು.

ದೊರೆಸಾನಮ್ಮ ನಕ್ಕರು. ಆಮೇಲೆ ನನ್ನನ್ನು ಮೆಲ್ಲಗೆ, "ಇವರು ಎಷ್ಟು ದಿನ ಹಸಿದಿದ್ದವರು?" ಎಂದು ಕೇಳಿದರು. ಮಾರನೆಯ ದಿನದಿಂದ ಪ್ರಾರ್ಥನೆ ಒಂದೇ ಉಸಿರಿನದಾಯಿತು: "ಅಪ್ಪಾ, ಊಟ ಕೊಟ್ಟೆ, ಸಂತೋಷ." ಅದನ್ನೂ ಅವರು ಒಂದು ಕಣ್ಣನ್ನು ತಮ್ಮ ಮುದ್ದೆಯ ಮೇಲಿಟ್ಟುಕೊಂಡೇ ಹೇಳುತ್ತಿದ್ದರು.

೨. ನಂಬಿ ನುಂಗುವುದು

ಮುದ್ದೆ ಕೈಗೆ ಸಿಕ್ಕಿತು, ಗಂಟಲಿಗೆ ಇಳಿಯಲಿಲ್ಲ. ದೊರೆಸಾನಮ್ಮ ಅಗಿಯುತ್ತಲೇ ಇದ್ದರು. ಉಂಡೆದ್ದ ಮಕ್ಕಳು ವಾಪಸ್ಸು ಬಂದು ಸುತ್ತ ಕೂತು ನೋಡತೊಡಗಿದರು.

"ಅಗೀಬ್ಯಾಡಿ ಕಣಮ್ಮ. ಸಾರ್ನಲ್ಲಿ ಒರಳ್ಸಿ ನುಂಗಿ" ಅಂದಳು ಅಜ್ಜಿ.

"ಗಂಟಲಲ್ಲಿ ಸಿಕ್ಕಿಕೊಂಡರೆ?"

"ಸಿಕ್ಕಾಕಳಕಿಲ್ಲ. ನಂಬಿ ನುಂಗಿ."

ಅವರು ಕಣ್ಣು ಮುಚ್ಚಿ ನುಂಗಿದರು. ಇಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಸಂಜೆ ದೊರೆಸಾನಮ್ಮ ನನಗೆ, "ನಮ್ಮೂರಿನಲ್ಲಿ ವಿಶ್ವಾಸ ಅಂದರೇನು ಅಂತ ಮೂರು ವರ್ಷ ಪಾಠ ಕೇಳಿದೆ. ಎಲ್ಲವನ್ನೂ ಅಗಿದು ಅಗಿದು ನೋಡಿದೆ, ಒಂದೂ ಒಳಗಿಳಿಯಲಿಲ್ಲ. ಅಜ್ಜಿ ಎರಡೇ ಮಾತಲ್ಲಿ ಹೇಳಿಬಿಟ್ಟರು" ಎಂದರು. ಕಣ್ಣು ತೇವವಾಗಿತ್ತು.

ನಾನು ಒಲೆಯ ಹತ್ತಿರ ಹೋಗಿ ಅಜ್ಜಿಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅಜ್ಜಿಗೆ ಬಹಳ ಮರುಕವಾಯಿತು. "ಮೂರ್ ವರ್ಸ ಅಗುದ್ರಾ? ಪಾಪ, ಅವ್ರೂರಲ್ಲಿ ರಾಗಿ ಇಟ್ಟು ಬೇಯ್ಸಕ್ಕೇ ಬರಕಿಲ್ಲ ಕಣಮ್ಮ."

೩. ಕಥೆಯಲ್ಲಿ ಬಿಟ್ಟುಹೋದವಳು

ಒಂದು ದಿನ ದೊರೆಸಾನಮ್ಮ, ಯೇಸುಸ್ವಾಮಿ ಹೇಳಿದ ಕಥೆಯೆಂದು, ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೋದ ಕುರುಬನ ಕಥೆ ಹೇಳಿದರು. ಕುರಿ ಕಾಯುವವರ ಮನೆಯಿಂದ ಬಂದ ಹತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ಅವಳಿಗೆ ಸಿಟ್ಟೇ ಬಂತು. "ಅಷ್ಟೂ ಬುಟ್ಬುಟ್ಟು ಓದ್ನಾ? ತೋಳ ಬರಕಿಲ್ವಾ?" ದೊರೆಸಾನಮ್ಮ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಅದೇ ವಾರ ಮಕ್ಕಳಿಗೆ ರೈಲು ತೋರಿಸಲು ಮದ್ದೂರಿಗೆ ಹೋದೆವು. ರೈಲು ಹೊರಟ ಮೇಲೆ ಎಣಿಸಿದರೆ ಹತ್ತೇ ತಲೆ. ಆರು ವರ್ಷದವಳು ಕಾಣಲಿಲ್ಲ. ದೊರೆಸಾನಮ್ಮ ಟೋಪಿ ಹಾರಿಹೋದದ್ದೂ ತಿಳಿಯದೆ ಪೇಟೆಯ ಕಡೆ ಓಡಿದರು, ಹಿಂದೆ ನಾನು.

ಹುಡುಗಿ ಬಳೆಗಾರನ ಮುಂದೆ ಕೂತಿದ್ದಳು. ಮೊಣಕೈವರೆಗೂ ಬಳೆ. "ಅವ್ವ ಬತ್ತಾಳೆ ಅಂದ್ಲು, ಅದ್ಕೇ ಕಾಯ್ತಾ ಇವ್ನಿ" ಅಂದ ಬಳೆಗಾರ. ಅವಳು ದೊರೆಸಾನಮ್ಮನತ್ತ ಕೈ ತೋರಿಸಿ, "ಅಗಳಪ್ಪ, ಅವಳೇ ನಮ್ಮವ್ವ" ಅಂದಳು. ಬಳೆಗಾರ ಇಬ್ಬರನ್ನೂ ಮೂರು ಸಲ ನೋಡಿ, "ಊಂ, ಮೂಗು ಒಂದೇ ತರ ಐತೆ" ಅಂದ. ದೊರೆಸಾನಮ್ಮ ಮಗುವನ್ನು ತಬ್ಬಿಕೊಂಡು ಬೀದಿಯಲ್ಲೇ ಅತ್ತರು.

ಆಗ ನಮಗೆ ಉಳಿದ ಹತ್ತರ ನೆನಪಾಯಿತು! ಎದ್ದೆವೋ ಬಿದ್ದೆವೋ ಎಂದು ಸ್ಟೇಷನ್ನಿಗೆ ಬಂದರೆ, ಕುರಿ ಕಾಯುವವರ ಹುಡುಗಿ ಎಲ್ಲರನ್ನೂ ಬೇವಿನ ಮರದಡಿ ಗುಂಪಾಗಿ ಕೂರಿಸಿ, ಕೈಯಲ್ಲಿ ಕೋಲು ಹಿಡಿದು ನಿಂತಿದ್ದಳು. ನಮ್ಮನ್ನು ನೋಡಿ ಹೇಳಿದಳು: "ಆ ಕಥೇಲೂ ನನ್ನಂಗೆ ಒಬ್ಳು ಇದ್ದೇ ಇರ್ತಾಳೆ ಬುಡಿ. ಕಥೆ ಏಳಿದೋರು ಮರ್ತವ್ರೆ."

೪. ಕೈ ಬಿಡು

ನಾಲೆಯ ನೀರು ಬಂದ ವರ್ಷಗಳು ಅವು. ಗದ್ದೆಯ ಜೊತೆಗೆ ಚಳಿಜ್ವರವೂ ಬಂದಿತ್ತು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಮಲಗಿತು. ಮಂಡ್ಯದ ಡಾಕ್ಟರು ಬಂದು ಕೊಯಿನಾ ಮಾತ್ರೆ ಕೊಟ್ಟು ಹೋದರು. ಮೂರನೆಯ ಮಧ್ಯಾಹ್ನ ಮಗುವಿಗೆ ನಮ್ಮ ಗುರುತೂ ಸಿಗಲಿಲ್ಲ.

ದೊರೆಸಾನಮ್ಮ ಅಳುತ್ತ ಹಾಸಿಗೆಯ ಪಕ್ಕ ಮೊಣಕಾಲೂರಿದರು. ಜ್ವರದಿಂದ ಮಗುವನ್ನು ಬಿಡಿಸು ಎನ್ನುವುದು ಅವರ ಮನಸ್ಸಿನಲ್ಲಿ. ಬಾಯಲ್ಲಿ ಬಂದದ್ದು, "ಸ್ವಾಮೀ, ಈ ಮಗುವಿನ ಕೈ ಬಿಡು! ಕೈ ಬಿಟ್ಟುಬಿಡು!"

ದುಭಾಷಿ ನಾನು ತಿದ್ದಬೇಕಿತ್ತು. ನಾನೋ ಸೆರಗನ್ನು ಬಾಯಿಗೊತ್ತಿಕೊಂಡು ಅಳುತ್ತಿದ್ದೆ. ಅಷ್ಟರಲ್ಲಿ ಮುದ್ದೆ ತಿರುವುವ ಕೋಲು ಹಿಡಿದುಕೊಂಡೇ ಅಜ್ಜಿ ಓಡಿಬಂದಳು. "ಅಯ್ಯಯ್ಯೋ, ಬುಡಬ್ಯಾಡ ಅನ್ನಿ ಕಣಮ್ಮ! ಬುಡಬ್ಯಾಡ!"

ಅರ್ಥವನ್ನು ನಾನು ಪಿಸುಗುಟ್ಟಿದೆ. ದೊರೆಸಾನಮ್ಮ ಬಾಯಿಗೆ ಕೈ ಇಟ್ಟುಕೊಂಡರು. ಅಜ್ಜಿಯೇ ಗೋಡೆಯ ಶಿಲುಬೆಯತ್ತ ತಿರುಗಿದಳು. "ಯೇಸಪ್ಪಾ, ನಾನು ನಿಮ್ಮ ಪೈಕಿ ಅಲ್ಲ, ಆದ್ರೂ ಒಸಿ ಕೇಳು. ಈಯಮ್ಮ ಅಂದದ್ದ ಮನಸ್ಗೆ ಆಕ್ಕಬ್ಯಾಡ. ದೂರದೂರೋರು, ಕನ್ನಡ ಸರ್ಯಾಗ್ ಬರಕಿಲ್ಲ. ಬುಡು ಅಂದ್ರೆ ಬುಡಬ್ಯಾಡ ಅಂತ ತಿಳ್ಕೊ."

ದೊರೆಸಾನಮ್ಮ ಅಜ್ಜಿಯ ಕಾಲಿಗೆ ತಲೆ ಆನಿಸಿ, "ಆಮೆನ್" ಅಂದರು. ನಾನು ಬಾಯಿಪಾಠ ಮಾಡಿದ ಯಾವ ಪ್ರಾರ್ಥನೆಯ ಕೊನೆಗೂ ಆ ಮಾತನ್ನು ಅಷ್ಟು ನಿಜವಾಗಿ ಕೇಳಿರಲಿಲ್ಲ. ಆಡಿದ್ದನ್ನು ಬಿಟ್ಟು ಅಂದುಕೊಂಡದ್ದನ್ನು ಕೇಳುವವನೊಬ್ಬನಿದ್ದಾನೆ ಎಂದು ನಾನು ನಂಬಿದ್ದು ಆ ಮಧ್ಯಾಹ್ನ.

ಮಾರನೆಯ ಬೆಳಿಗ್ಗೆ ಮಗು ಬೆವತು, ಕಣ್ಣು ಬಿಟ್ಟು, ಉಪ್ಪಿನಕಾಯಿ ಕೇಳಿತು. ಡಾಕ್ಟರು ಬಂದು ನಾಡಿ ಹಿಡಿದು, "ನೋಡಿದಿರಾ ನನ್ನ ಮಾತ್ರೆ?" ಎಂದು ಮೀಸೆ ತಿರುವಿದರು. ದೊರೆಸಾನಮ್ಮ ನಗುತ್ತ ಕೈಯನ್ನು ಮೇಲಕ್ಕೆ ತೋರಿಸಿದರು.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಅಂದಳು: "ಮಾತ್ರೆ ನಿಮ್ದೇ ಸ್ವಾಮಿ, ಇಲ್ಲ ಅನ್ನಕಿಲ್ಲ. ಅತ್ತಿದ್ದು ಈಯಮ್ಮ. ಕನ್ನಡ ಮಾತ್ರ ನಂದು."