ಬೆನ್ನು ನೆಟ್ಟಗೆ ಮಾಡುವ ಡಿಗ್ರಿ

ಬನಹಟ್ಟಿಯ ಜನ ಫೌಜದಾರನ ಲಾಠಿಗಿಂತ ನನ್ನ ಮೈದುನನ ಬರಿಗೈಗೆ ಹೆಚ್ಚು ಹೆದರುತ್ತಿದ್ದರು ಎಂದರೆ ನೀವು ನಂಬಬೇಕು! ನಮ್ಮೂರು ಮುಂಬೈ ರಾಜ್ಯದಲ್ಲಿದ್ದ ಕಾಲ. ನಾನು ಮದುವೆಯಾಗಿ ಬಂದ ಹೊಸದು. ಮೈದುನ ಯಾವುದೋ ಮರಾಠಿ ಪತ್ರಿಕೆಯಲ್ಲಿ ಕೈರೋಪ್ರಾಕ್ಟಿಕ್ ಎಂಬ ವಿದ್ಯೆಯ ಬಗ್ಗೆ ಓದಿದ್ದ. ಔಷಧವಿಲ್ಲ, ಕತ್ತರಿಯಿಲ್ಲ, ಬೆನ್ನೆಲುಬನ್ನು ಕೈಯಿಂದಲೇ ಒತ್ತಿ, ತಿರುವಿ ಸರಿಪಡಿಸುವುದಂತೆ. ಅದರಲ್ಲೇ ಡಿಗ್ರಿ ಮಾಡುತ್ತೇನೆಂದು ಹಟ ಹಿಡಿದ.

"ಎದಕ್ಕೋ ಅದು?" ಎಂದರು ನನ್ನ ಯಜಮಾನರು.

"ಅವ್ವನ ಬೆನ್ನ ನೆಟ್ಟಗ ಮಾಡಾಕ!"

ನಮ್ಮ ಅತ್ತೆಯವರು ನೂಲು ಸುತ್ತಿ ಸುತ್ತಿ, ಎದುರು ನಿಂತವರ ಮುಖ ಕಾಣದಷ್ಟು ಬಾಗಿಹೋಗಿದ್ದರು. ಕಾರಣವೇನೋ ಒಳ್ಳೆಯದೇ. ಆದರೆ ಕಾಲೇಜು ಸಿಗುವವರೆಗೆ ಅಭ್ಯಾಸಕ್ಕೆ ಬೆನ್ನು ಯಾರದು? ಒಂದು ಮುಂಜಾನೆ ಅಣ್ಣನ ಕುತ್ತಿಗೆಯನ್ನೇ ತಿರುವಿದ. 'ಲಟಕ್' ಎಂದಿತು. ಯಜಮಾನರು ಎಷ್ಟೋ ದಿನ ಬಲಕ್ಕೇ ನೋಡುತ್ತ ಓಡಾಡಿದರು. ನಾನು ಎಡಗಡೆಯಿಂದ ಬಡಿಸಲು ಹೋದರೆ "ಯಾರದು?" ಎನ್ನುತ್ತಿದ್ದರು! ಅಂದಿನಿಂದ ಮೈದುನ ಎದುರು ಬಂದರೆ ಊರವರು ಕುತ್ತಿಗೆ ಮುಚ್ಚಿಕೊಂಡು ಓಡತೊಡಗಿದರು.

ಈ ವಿದ್ಯೆಯ ದೊಡ್ಡ ಕಾಲೇಜುಗಳೆಲ್ಲ ಅಮೆರಿಕೆಯಲ್ಲಿ. ಜಮಖಂಡಿಯ ವಕೀಲರಿಂದ ಇಂಗ್ಲಿಷ್ ಕಾಗದ ಬರೆಸಿ ಅವುಗಳ ಮಾಹಿತಿ ತರಿಸಿದ. ನೋಡಿದರೆ ಎಲ್ಲ ಕಡೆಗೂ ಹೆಣ ಕೊಯ್ಯುವ ಪಾಠ! ಹೆಣವೆಂದರೆ ಈತನಿಗೆ ಚಳಿಜ್ವರ.

"ವೈನಿ, ಹೆಣಾ ಇಲ್ಲದ್ದ ಕಾಲೇಜ ಎಲ್ಲೂ ಇಲ್ಲೇನ್ರಿ?" ಎಂದು ಅತ್ತಿಗೆಯಾದ ನನ್ನನ್ನೇ ಕೇಳಿದ.

ಇತ್ತು, ಮುಂಬೈಯಲ್ಲಿ. ಒಬ್ಬ ಗುರು ಮಹಡಿಯ ಕೋಣೆಯೊಂದರಲ್ಲಿ ನಡೆಸುತ್ತಿದ್ದ. ಹಡಗು ಬೇಡ, ಹೆಣ ಬೇಡ, ಮಳೆಗಾಲ ಮುಗಿಯುವುದರೊಳಗೆ ಡಿಗ್ರಿ! ಮೈದುನ ಕುಣಿಯುತ್ತ ಹೋದ. ಸೊಂಟ ಹಿಡಿದುಕೊಂಡು ತಿರುಗಿ ಬಂದ. ಗುರು ಮೊದಲ ಪಾಠವನ್ನು ಇವನ ಬೆನ್ನ ಮೇಲೆಯೇ ಮಾಡಿದ್ದನಂತೆ.

"ವಯಸ್ಸಾದವರ ಎಲುಬು ಮುರದ್ರ ಏನ್ ಮಾಡೂದ್ರಿ ಅಂತ ಕೇಳಿದ್ನಿ," ಎಂದ. "ಅದು ನಮ್ಮ ಪಾಠದಾಗ ಬರೂದಿಲ್ಲ ಅಂದ."

ನಾವು ನಕ್ಕೆವು. ಅತ್ತೆಯವರು ನಗಲಿಲ್ಲ. ತಾವೇ ಚಾಪೆ ಹಾಸಿ ಬೋರಲು ಮಲಗಿಬಿಟ್ಟರು. "ಬಾರೋ, ಕಲತಷ್ಟ ಮಾಡು. ನಿನ್ನ ಮಾರಿ ನೆಟ್ಟಗ ನೋಡಿ ಭಾಳ ದಿನ ಆತು."

ಯಜಮಾನರು ತಮ್ಮ ಕುತ್ತಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಮೈದುನ ಅವ್ವನ ಬೆನ್ನ ಮೇಲೆ ಎರಡೂ ಕೈ ಇಟ್ಟ. ಸೀರೆಯ ಮೇಲಿಂದಲೂ ಒಂದೊಂದು ಎಲುಬು ಕೈಗೆ ಸಿಗುತ್ತಿತ್ತೇನೋ. ಊರನ್ನೇ ಹೆದರಿಸಿದ್ದ ಆ ಕೈಗಳನ್ನು ಒತ್ತದೆಯೇ ಹಿಂದಕ್ಕೆ ತೆಗೆದುಕೊಂಡ.

"ನನ್ನ ಕಡಿಂದ ಆಗೂದಿಲ್ಲ ಬೇ. ಅಂಜಿಕಿ ಬರತೈತಿ."

ಮೆಲ್ಲಗೆ ಎಬ್ಬಿಸಿ ಕೂರಿಸಿದ. ಆಮೇಲೆ ಅವರ ಮುಂದೆ ಬರಿನೆಲದ ಮೇಲೆ ಅಂಗಾತ ಮಲಗಿ, ಕೆಳಗಿನಿಂದ ನೋಡುತ್ತ, "ಈಗ ಕಾಣತೇನೇನ್ ಬೇ?" ಎಂದು ಕೇಳಿದ.

ಅತ್ತೆಯವರು ಬಹಳ ಹೊತ್ತು ನೋಡಿದರು. ಅವನ ಕೆನ್ನೆ ಸವರಿದರು.

"ಹುಚ್ಚಪ್ಪಾ, ಎಷ್ಟ್ ಸೊರಗೀಯೋ!"