ಬಿರಾಮನ ವಾಸದ ಚೀಟಿ

ನಮ್ಮ ಓಣಿಯವರದು ಒಂದು ಹುಟ್ಟುಗುಣ. ಗುರುತಿಲ್ಲದವನು ಬಂದು ಯಾರದಾದರೂ ಹೆಸರು ಹಿಡಿದು ಕೇಳಿದರೆ, ಆ ಹೆಸರಿನವನು ಭೂಮಿಯ ಮೇಲೆ ಹುಟ್ಟಿಯೇ ಇಲ್ಲ ಅನ್ನುತ್ತಾರೆ. ಬಡಪಾಯಿ ಬಿರಾಮನ ಗ್ರಹಚಾರ ಕೆಟ್ಟದ್ದು ಇಲ್ಲಿಂದಲೇ.

ಬಿರಾಮ್ ಸೆನೆಗಲ್‌ನಿಂದ ಬಂದು, ಫೆಸ್ ಪಟ್ಟಣದ ನಮ್ಮ ಓಣಿಯಲ್ಲಿ ನಿಲುವಂಗಿ ಹೊಲಿಯುವ ದರ್ಜಿ. ಪರದೇಶದವರ ವಾಸದ ಚೀಟಿ ಹೊಸದು ಮಾಡಿಸಲು ಶುಲ್ಕ ಕಟ್ಟಿದ್ದ, ಎಂಟು ಫೋಟೋ ಕೊಟ್ಟಿದ್ದ. ಇವನು ಇಲ್ಲೇ ಇದ್ದಾನೆಂದು ಓಣಿಯ ಸರ್ಕಾರಿ ಮುಖ್ಯಸ್ಥನಾದ ಮುಕದ್ದಮ್ ನೆರೆಹೊರೆಯವರನ್ನು ವಿಚಾರಿಸಿ ಬರೆದುಕೊಡುವುದೊಂದು ಬಾಕಿ. ಅದಕ್ಕೆ ಇವತ್ತು ಸಂಜೆ ನಾಲ್ಕರ ಗಡುವು. ಶುಕ್ರವಾರ ಊರಲ್ಲಿ ಮಗಳ ಮದುವೆ. ಚೀಟಿಯಿಲ್ಲದೆ ಗಡಿ ದಾಟಿದರೆ ಮತ್ತೆ ಒಳಗೆ ಬಿಡುವುದಿಲ್ಲ.

ಮುಕದ್ದಮ್ ಸಿ ದ್ರಿಸ್ ಕೆಲಸಕ್ಕೆ ಹೊಸಬರು. ಬೆಳಿಗ್ಗೆ ಬಂದು, ಓಣಿಯವರ ರೊಟ್ಟಿಯನ್ನೆಲ್ಲ ಬೇಯಿಸಿಕೊಡುವ ಅಲ್ಲಾಲ್‌ನನ್ನು ಕೇಳಿದರು.

"ಬಿರಾಮಾ? ಅಂಥೋರು ಯಾರೂ ಇಲ್ಲಪ್ಪ" ಅಂದ ಅಲ್ಲಾಲ್, ಬಿರಾಮನದೇ ರೊಟ್ಟಿಯನ್ನು ಒಲೆಯಿಂದ ತೆಗೆಯುತ್ತಾ.

ಬಿರಾಮನ ಮನೆಯೊಡತಿ ಲಲ್ಲಾ ಝೊಹ್ರಾ ಮಾಳಿಗೆಯಿಂದಲೇ ಕೂಗಿ ಹೇಳಿದರು. "ಈ ಮನೇಲಿ ನಾನು, ನನ್ನ ಬೆಕ್ಕು, ಅಷ್ಟೆ."

ನನ್ನನ್ನೂ ಕೇಳಿದರು. ನಾನೂ ಇಲ್ಲವೆಂದೆ. ಓಣಿಯ ಮರ್ಯಾದೆ ಬಿಡಲಾದೀತೆ?

ಮಧ್ಯಾಹ್ನ ಕಚೇರಿಯಲ್ಲಿ ಸುದ್ದಿ ತಿಳಿದ ಬಿರಾಮ್ ಬಾಲ ಸುಟ್ಟ ಬೆಕ್ಕಿನಂತೆ ಓಡಿ ಬಂದ.

"ಲಲ್ಲಾ, ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ. ಬಂದಿದ್ದು ಮುಕದ್ದಮ್."

"ನಿನ್ನ ಹಿಡ್ಕೊಂಡು ಹೋಗೋಕೆ ಬಂದಿದ್ದಾನೆ ಅಂದ್ಕೊಂಡ್ವಲ್ಲೋ ಮಗನೇ. ಕಂಕುಳಲ್ಲಿ ಫೈಲು ಇಟ್ಕೊಂಡೋನಿಗೆ ಯಾರಾದ್ರೂ ನಿಜ ಹೇಳ್ತಾರಾ?"

ಬಿರಾಮ್ ಸಿ ದ್ರಿಸ್‌ರ ಕೈಕಾಲು ಹಿಡಿದು ಮೂರು ಗಂಟೆಗೆ ಮತ್ತೆ ಕರೆತಂದ. ತಪ್ಪು ಮಾಡಿದ ಓಣಿ ಈ ಸಲ ಪುದೀನಾ ಚಹಾ ಕಾಯಿಸಿಕೊಂಡು ಕಾದಿತ್ತು.

"ಬಿರಾಮ್ ಹೊರಗಿನೋನು ಅಂದೋರು ಯಾರು? ನಮ್ಮ ಓಣಿ ಮಗ ಅವನು" ಅಂದ ಅಲ್ಲಾಲ್.

"ನಾನೇ ಹೆತ್ತ ಹಾಗೆ ಸ್ವಾಮಿ. ಇವನನ್ನ ಪರದೇಶದೋನು ಅಂದೋರ ನಾಲಿಗೆ ಬಿದ್ದುಹೋಗ್ಲಿ" ಎಂದರು ಲಲ್ಲಾ ಝೊಹ್ರಾ.

ಸಿ ದ್ರಿಸ್ ಪೆನ್ನು ಎತ್ತಿ ಹಿಡಿದರು. "ಹಾಗಾದ್ರೆ ಪರದೇಶದೋನಲ್ಲ?"

"ಅಲ್ಲವೇ ಅಲ್ಲ" ಎಂದು ಓಣಿಗೆ ಓಣಿಯೇ ಸಾಕ್ಷಿ ಹೇಳಿತು.

ಬಿರಾಮ್ ತಡೆಯಬೇಕಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಅವನಿಗೆ ಯಾರೂ ಹೀಗೆ ಅಂದಿರಲಿಲ್ಲ. ಸಂತೋಷಕ್ಕೆ ಎಲ್ಲರ ಲೋಟಕ್ಕೂ ಮತ್ತೊಮ್ಮೆ ಚಹಾ ಬಗ್ಗಿಸತೊಡಗಿದ. ಅಷ್ಟರಲ್ಲಿ ಸಿ ದ್ರಿಸ್ ಬರೆದು, ಲಕೋಟೆಗೆ ಹಾಕಿ, ಮೊಹರು ಒತ್ತಿಯಾಗಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕಚೇರಿಯ ಗುಮಾಸ್ತ ಲಕೋಟೆ ಒಡೆದು ಓದಿದ. "ವಿಚಾರಿಸಲಾಗಿ, ಸದರಿ ವಿಳಾಸದಲ್ಲಿ ಪರದೇಶದವರು ಯಾರೂ ವಾಸವಿಲ್ಲ. ಬಿರಾಮ್ ಎಂಬವರು ಸ್ಥಳೀಯರು."

ಆಮೇಲೆ ಅರ್ಜಿಯನ್ನು ಹೊರಗೆ ತಳ್ಳಿದ. "ಇದು ಪರದೇಶದೋರ ಕಿಟಕಿ ಸ್ವಾಮಿ. ಇಲ್ಲಿನೋರಿಗೆ ಇಲ್ಲೇನು ಕೆಲಸ? ಕಟ್ಟಿದ ಶುಲ್ಕ ವಾಪಸು ಬರಲ್ಲ."

"ಶುಕ್ರವಾರ ಸೆನೆಗಲ್‌ನಲ್ಲಿ ನನ್ನ ಮಗಳ ಮದ್ವೆ" ಎಂದು ಬಿರಾಮ್ ಅಳುಮುಖ ಮಾಡಿದ.

ಗುಮಾಸ್ತನಿಗೂ ಕನಿಕರ ಬಂತು. "ಛೆ, ಹೆಣ್ಣುಮಗೂನ ಅಷ್ಟು ದೂರದ ದೇಶಕ್ಕೆ ಯಾಕೆ ಕೊಟ್ರಿ? ನಮ್ಮೂರಲ್ಲಿ ಗಂಡುಗಳಿರಲಿಲ್ವಾ?" ಎನ್ನುತ್ತಾ ಕಿಟಕಿ ಎಳೆದುಕೊಂಡ.